ಹಾಸಿಗೆಯ ಪಕ್ಕದ ಗಂಟೆಗಳು

(ನರ್ಸಿಂಗ್ ಅಸಿಸ್ಟೆಂಟ್ ಮತ್ತು ಪ್ರಾಕ್ಟಿಕಲ್ ನರ್ಸ್ ತರಬೇತಿಗೆ ಸೇರಬೇಕೆಂದಿರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಕೆಲಸಕ್ಕೆ ಬರುವವರು ಮೊದಲು ಕೇಳುವುದು ಎರಡೇ ಪ್ರಶ್ನೆ. ಕೋರ್ಸ್ ಎಷ್ಟು ತಿಂಗಳು? ಸಂಬಳ ಎಷ್ಟು ಸಿಗುತ್ತದೆ? ಎರಡೂ ಕೇಳಲೇಬೇಕಾದವು. ಆದರೆ ಮೂರನೆಯದೊಂದನ್ನು ಕೇಳದೆ ಫೀಸು ಕಟ್ಟಬೇಡಿ. ನಿಜವಾದ ರೋಗಿಯ ಹಾಸಿಗೆಯ ಪಕ್ಕದಲ್ಲಿ, ಅನುಭವಿ ನರ್ಸ್ ಒಬ್ಬರು ನಿಂತು ನೋಡುತ್ತಿರುವಾಗ, ನನ್ನ ಕೈಯಿಂದ ಎಷ್ಟು ಗಂಟೆ ಕೆಲಸ ಮಾಡಿಸುತ್ತೀರಿ? ಇದಕ್ಕೆ ಗಂಟೆಗಳ ಲೆಕ್ಕದಲ್ಲಿ ಉತ್ತರ ಕೊಡಲಾಗದ ಸಂಸ್ಥೆ ಪ್ರಮಾಣಪತ್ರ ಕೊಟ್ಟೀತು, ಕೆಲಸ ಕಲಿಸಲಾರದು. ಯಾಕೆ ಇಷ್ಟು ಕಡ್ಡಿ ತುಂಡು ಮಾಡಿದಂತೆ ಹೇಳುತ್ತಿದ್ದೇವೆ ಎಂಬುದು ಕೆಲಸದೊಳಗೆ ಇಳಿದಾಗ ತಿಳಿಯುತ್ತದೆ.

ಅದಕ್ಕೂ ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ನರ್ಸಿಂಗ್ ಅಸಿಸ್ಟೆಂಟ್ ಎಂದರೆ ರೋಗಿಯ ಸ್ನಾನ, ಊಟ, ಮಲಮೂತ್ರ, ಬಟ್ಟೆ, ಓಡಾಟ, ಮಗ್ಗುಲು ಬದಲಿಸುವುದು ಇವನ್ನೆಲ್ಲ ನೋಡಿಕೊಂಡು, ಬಿಪಿ, ಪಲ್ಸ್, ಜ್ವರ ಅಳೆದು ನರ್ಸ್‌ಗೆ ಹೇಳುವವರು. ಔಷಧಿ ಕೊಡುವುದು, ಇಂಜೆಕ್ಷನ್ ಚುಚ್ಚುವುದು, ಡ್ರಿಪ್ಪಿನ ವೇಗ ಬದಲಿಸುವುದು, ಕ್ಯಾಥೆಟರ್ (ಮೂತ್ರದ ನಳಿಕೆ) ಹಾಕುವುದು, ಆಕ್ಸಿಜನ್ ಹೆಚ್ಚುಕಡಿಮೆ ಮಾಡುವುದು ಅವರ ಪಾಲಿನ ಕೆಲಸವಲ್ಲ. ಪ್ರಾಕ್ಟಿಕಲ್ ನರ್ಸ್ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಡಾಕ್ಟರ್ ಅಥವಾ ರಿಜಿಸ್ಟರ್ಡ್ ನರ್ಸ್ ಹೇಳಿದಂತೆ ಔಷಧಿ, ಇಂಜೆಕ್ಷನ್, ಡ್ರೆಸ್ಸಿಂಗ್ ಮಾಡುತ್ತಾರೆ. ಅವರ ಹೆಸರಿನಲ್ಲಿ ಪ್ರತ್ಯೇಕ ಲೈಸೆನ್ಸ್ ಇರುತ್ತದೆ, ತಪ್ಪಾದರೆ ಆ ಲೈಸೆನ್ಸೇ ಹೋಗಬಹುದು. ಅಮೆರಿಕದಲ್ಲಿ ಇವರನ್ನು ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್ ಎನ್ನುತ್ತಾರೆ. ಅದೇ ದೇಶದ ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ಡ್ ವೊಕೇಷನಲ್ ನರ್ಸ್ ಎನ್ನುತ್ತಾರೆ. ಕೋರ್ಸ್ ಸುಮಾರು ಒಂದು ವರ್ಷ, ಆಮೇಲೆ ಲೈಸೆನ್ಸಿಗಾಗಿ ಎನ್‌ಕ್ಲೆಕ್ಸ್-ಪಿಎನ್ ಎಂಬ ಪರೀಕ್ಷೆ. ಭಾರತದಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬುದು ಅಸಿಸ್ಟೆಂಟ್ ಮಟ್ಟದ ತರಬೇತಿ. ಎರಡು ವರ್ಷದ ಎಎನ್ಎಂ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್), ಮೂರು ವರ್ಷದ ಜಿಎನ್ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಓದಿದವರು ನರ್ಸಿಂಗ್ ಕೌನ್ಸಿಲ್ಲಿನಲ್ಲಿ ನೋಂದಣಿ ಮಾಡಿಸಿಕೊಳ್ಳುವವರು. ಒಂದು ದೇಶದ ಕಾಗದ ಇನ್ನೊಂದು ದೇಶದಲ್ಲಿ ನೇರವಾಗಿ ನಡೆಯುವುದಿಲ್ಲ. ಹಾಗಾಗಿ ಎಲ್ಲಿ ಕೆಲಸ ಮಾಡಬೇಕೆಂದಿದ್ದೀರೋ ಅಲ್ಲಿಯ ನೋಂದಣಿ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಕೋರ್ಸಿನ ಹೆಸರಿದೆಯೇ ಎಂದು ಸೇರುವ ಮೊದಲೇ ನೋಡಿ. ಮುಗಿದ ಮೇಲೆ ನೋಡುವವರೇ ಹೆಚ್ಚು, ಆಗ ಕಾಲವೂ ಹೋಗಿರುತ್ತದೆ, ಹಣವೂ ಹೋಗಿರುತ್ತದೆ.

ತರಬೇತಿಯ ಕನಿಷ್ಠ ಅಳತೆ ಎಷ್ಟಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ (ಅಲ್ಲಿ ಇವು ವೃದ್ಧರನ್ನೂ ದೀರ್ಘಕಾಲದ ರೋಗಿಗಳನ್ನೂ ಇರಿಸಿಕೊಂಡು ನೋಡಿಕೊಳ್ಳುವ ಕೇಂದ್ರಗಳು) ಕೆಲಸ ಮಾಡುವ ಅಸಿಸ್ಟೆಂಟ್‌ಗೆ ಕನಿಷ್ಠ 75 ಗಂಟೆಯ ತರಬೇತಿ ಬೇಕೆಂದು 1987ರ ಫೆಡರಲ್ ಕಾನೂನು ಹೇಳಿತು. ಅದರಲ್ಲಿ ಕನಿಷ್ಠ 16 ಗಂಟೆ ಮೇಲ್ವಿಚಾರಣೆಯಲ್ಲಿ ಕೈಯಾರೆ ಮಾಡುವ ಅಭ್ಯಾಸ. ಹಲವು ರಾಜ್ಯಗಳು ಇದು ಸಾಲದೆಂದು ತಮ್ಮ ನಿಯಮದಲ್ಲಿ ಹೆಚ್ಚಿಸಿಕೊಂಡಿವೆ. ನಮ್ಮ ಅಭಿಪ್ರಾಯವೂ ಅದೇ. 16 ಗಂಟೆ ಎಂದರೆ ಎರಡು ಶಿಫ್ಟ್. ಎರಡು ಶಿಫ್ಟಿನಲ್ಲಿ ಹಾಸಿಗೆ ಹಿಡಿದ ಒಬ್ಬ ರೋಗಿಯ ಮಗ್ಗುಲು ಬದಲಿಸುವುದನ್ನು ಕಲಿಯಬಹುದು, ಎಂಟು ಜನರನ್ನು ನೋಡಿಕೊಳ್ಳುವುದನ್ನು ಕಲಿಯಲಾಗದು.

ಈಗ ಕೆಲಸಕ್ಕೆ ಬರೋಣ. ಕೈ ತೊಳೆಯುವುದರಿಂದ ಶುರು, ಯಾಕೆಂದರೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಇದೊಂದನ್ನು ಎಲ್ಲರಿಗೂ ಕೇಳುತ್ತಾರೆ, ಫೇಲಾಗುವವರೂ ಇದ್ದೇ ಇರುತ್ತಾರೆ. ಸೋಪು ನೀರಿನಿಂದಾದರೆ ಒಟ್ಟು 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಗೈ, ಮುಂಗೈ, ಬೆರಳ ಸಂದಿ ಎಲ್ಲರೂ ಉಜ್ಜುತ್ತಾರೆ. ಬಿಟ್ಟುಹೋಗುವುದು ಹೆಬ್ಬೆರಳಿನ ಬುಡ ಮತ್ತು ಉಗುರಿನ ತುದಿ. ಇನ್ನೊಂದು ತಪ್ಪು ಕೊನೆಯಲ್ಲಿ ಆಗುತ್ತದೆ: ಚೆನ್ನಾಗಿ ತೊಳೆದ ಕೈಯಿಂದಲೇ ನಲ್ಲಿ ತಿರುಗಿಸಿ ನಿಲ್ಲಿಸುವುದು. ಕೊಳೆ ಕೈಯಿಂದ ತೆರೆದ ನಲ್ಲಿ ಅದು. ಕೈ ಒರೆಸಿದ ಪೇಪರ್ ಹಿಡಿದು ನಲ್ಲಿ ನಿಲ್ಲಿಸಬೇಕು. ಗ್ಲೌಸ್ ಹಾಕಿದ್ದರೂ ಬಿಚ್ಚಿದ ಮೇಲೆ ಕೈ ತೊಳೆಯಬೇಕು. ಆಂಟಿಬಯೋಟಿಕ್ ಮೇಲಿರುವ ರೋಗಿಗೆ ಭೇದಿ ಶುರುವಾಗಿದ್ದರೆ ಸ್ಯಾನಿಟೈಸರ್ ನೆಚ್ಚಿಕೊಳ್ಳಬೇಡಿ, ಸೋಪು ನೀರೇ ಆಗಬೇಕು. ಅಂಥ ಭೇದಿಗೆ ಕಾರಣವಾಗುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ (ಹಳೆಯ ಹೆಸರು ಕ್ಲಾಸ್ಟ್ರಿಡಿಯಂ ಡಿಫಿಸಿಲ್) ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಆಲ್ಕೊಹಾಲಿಗೆ ಸಾಯುವುದಿಲ್ಲ.

ಬಿಪಿ ನೋಡುವುದು ಸುಲಭ ಎಂದುಕೊಂಡವರ ಚಾರ್ಟಿನಲ್ಲೇ ಸುಳ್ಳು ಅಂಕಿಗಳು ಹೆಚ್ಚು. ರೋಗಿ ಐದು ನಿಮಿಷ ಸುಮ್ಮನೆ ಕೂತಿರಬೇಕು, ಬೆನ್ನಿಗೆ ಆಸರೆ ಇರಬೇಕು, ಕಾಲು ನೆಲ ಮುಟ್ಟಿರಬೇಕು, ಕಾಲ ಮೇಲೆ ಕಾಲು ಹಾಕಿರಬಾರದು, ನೀವಾಗಲಿ ಅವರಾಗಲಿ ಮಾತಾಡಬಾರದು. ಕಫ್ ಎಂದರೆ ತೋಳಿಗೆ ಕಟ್ಟುವ ಪಟ್ಟಿ, ಅದರೊಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯ ಶೇಕಡ 80ರಷ್ಟನ್ನು ಸುತ್ತಬೇಕು. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ಬಿಪಿ ಇಲ್ಲದವರಿಗೂ ಬಿಪಿ ಇದೆ ಎಂದು ತೋರಿಸುತ್ತದೆ. ತೋಳು ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗೆ ಜೋತುಬಿದ್ದಿದ್ದರೆ ರೀಡಿಂಗ್ 7–8 ಪಾಯಿಂಟ್ ಜಾಸ್ತಿ ಬರುತ್ತದೆ. ಗಾಳಿ ಬಿಡುವ ವೇಗ ಸೆಕೆಂಡಿಗೆ 2–3 ಪಾಯಿಂಟ್ (ಪಾದರಸದ ಮಿಲಿಮೀಟರ್). ಬೇಗ ಬಿಟ್ಟರೆ ಮೇಲಿನ ಅಂಕಿ ಕಡಿಮೆ, ಕೆಳಗಿನದು ಹೆಚ್ಚು ಬರುತ್ತದೆ. ಡಯಾಲಿಸಿಸ್‌ಗಾಗಿ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿರುವ ತೋಳು, ಸ್ತನದ ಆಪರೇಷನ್ ಆದ ಕಡೆಯ ತೋಳು, ಡ್ರಿಪ್ ಹೋಗುತ್ತಿರುವ ತೋಳು, ಇವಕ್ಕೆ ಕಫ್ ಕಟ್ಟಬಾರದು. ಈ ಅಂಕಿ ನೋಡಿಕೊಂಡು ಯಾರೋ ಮಾತ್ರೆಯ ಪ್ರಮಾಣ ಬದಲಿಸುತ್ತಾರೆ ಎಂಬುದು ನೆನಪಿರಲಿ.

ಪಲ್ಸ್ ಎಣಿಸುವಾಗ ಹೆಬ್ಬೆರಳು ಬೇಡ, ಅದರಲ್ಲಿ ನಿಮ್ಮದೇ ಬಡಿತ ಸಿಗುತ್ತದೆ. ವಯಸ್ಕರಲ್ಲಿ ನಿಮಿಷಕ್ಕೆ 60ರಿಂದ 100 ಸಾಮಾನ್ಯ. ಬಡಿತ ಏರುಪೇರಾಗಿದ್ದರೆ 30 ಸೆಕೆಂಡು ಎಣಿಸಿ ದುಪ್ಪಟ್ಟು ಮಾಡದೆ ಪೂರ್ತಿ ಒಂದು ನಿಮಿಷ ಎಣಿಸಿ. ಉಸಿರು 12ರಿಂದ 20. ಉಸಿರು ಎಣಿಸುತ್ತೇನೆ ಎಂದು ಹೇಳಿದರೆ ರೋಗಿ ಬೇರೆ ಥರ ಉಸಿರಾಡತೊಡಗುತ್ತಾರೆ. ಅದಕ್ಕೇ ಪಲ್ಸ್ ಎಣಿಸಿದ ಕೈಯನ್ನು ಮಣಿಕಟ್ಟಿನ ಮೇಲೇ ಇಟ್ಟುಕೊಂಡು ಎದೆಯ ಏರಿಳಿತ ನೋಡುವುದು ವಾಡಿಕೆ. ಬಿಪಿ, ಪಲ್ಸ್, ಜ್ವರ, ಉಸಿರು ಈ ನಾಲ್ಕರಲ್ಲಿ ಎಲ್ಲರೂ ಅಂದಾಜಿಗೆ ಬರೆದುಬಿಡುವುದು ಇದನ್ನೇ. ಎಲ್ಲ ಹಾಸಿಗೆಗೂ 18, 18, 18 ಎಂದು ಬರೆದ ಚಾರ್ಟುಗಳು ಎಷ್ಟೋ ಇವೆ. ರೋಗಿ ಹದಗೆಡುವಾಗ ಮೊದಲು ಬದಲಾಗುವುದು ಅನೇಕ ಸಲ ಉಸಿರಿನ ವೇಗವೇ ಆದ್ದರಿಂದ ಇದು ಸಣ್ಣ ತಪ್ಪಲ್ಲ.

ಇನ್ನು ಮಗ್ಗುಲು ಬದಲಿಸುವುದು. ಇದನ್ನು ವಿವರವಾಗಿಯೇ ಹೇಳುತ್ತೇವೆ, ಏಕೆಂದರೆ ಬೆಡ್‌ಸೋರ್ (ಒಂದೇ ಕಡೆ ಒತ್ತಿ ಮಲಗಿ ಆಗುವ ಹುಣ್ಣು) ಬರುವುದೂ ಬಾರದಿರುವುದೂ ಬಹುಮಟ್ಟಿಗೆ ಅಸಿಸ್ಟೆಂಟಿನ ಕೈಯಲ್ಲಿದೆ. ಅಂಗಾತ ಮಲಗಿದವರನ್ನು ಎಡಮಗ್ಗುಲಿಗೆ ತಿರುಗಿಸಬೇಕು ಎಂದುಕೊಳ್ಳಿ. ಹಾಸಿಗೆಯನ್ನು ನಿಮ್ಮ ಸೊಂಟದ ಎತ್ತರಕ್ಕೆ ಏರಿಸಿ, ಚಕ್ರದ ಲಾಕ್ ನೋಡಿ. ಮೊದಲು ರೋಗಿಯನ್ನು ಹಾಸಿಗೆಯ ಬಲ ಅಂಚಿನ ಕಡೆ ಸರಿಸಬೇಕು, ಇಲ್ಲದಿದ್ದರೆ ತಿರುಗಿಸಿದ ಮೇಲೆ ಮೂಗು ಎಡಗಡೆಯ ಕಂಬಿಗೆ ತಾಗುತ್ತದೆ. ಸರಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯಬೇಡಿ. ಬೆನ್ನಿನಿಂದ ತೊಡೆಯವರೆಗೆ ಹಾಸಿರುವ ಅಡ್ಡ ಬಟ್ಟೆಯನ್ನು ಇಬ್ಬರು ಆಚೀಚೆ ಹಿಡಿದು, ಮೈ ಸ್ವಲ್ಪ ಎತ್ತಿ ಸರಿಸಿ. ಮೈ ಎಳೆದಾಗ ಮೇಲಿನ ಚರ್ಮ ಹಾಸಿಗೆಗೆ ಅಂಟಿಕೊಂಡು ನಿಲ್ಲುತ್ತದೆ, ಒಳಗಿನ ಮೂಳೆ ಮುಂದೆ ಹೋಗುತ್ತದೆ, ನಡುವಿನ ರಕ್ತನಾಳ ಜಗ್ಗಿ ಹರಿದುಹೋಗುತ್ತದೆ. ಹೊರಗೆ ಏನೂ ಕಾಣಿಸದಿದ್ದರೂ ಗಾಯ ಒಳಗಿನಿಂದ ಶುರುವಾಗಿರುತ್ತದೆ. ಸರಿಸಿದ ಮೇಲೆ ಬಲಗಡೆಯ ಕಂಬಿ ಏರಿಸಿ, ಎಡಗಡೆಗೆ ಬಂದು ನಿಲ್ಲಿ. ರೋಗಿಯ ಬಲಗೈಯನ್ನು ಎದೆಯ ಮೇಲೆ, ಬಲಗಾಲನ್ನು ಎಡಗಾಲಿನ ಮೇಲೆ ಇಡಿ. ಒಂದು ಕೈ ಅವರ ಬಲ ಭುಜದ ಮೇಲೆ, ಇನ್ನೊಂದು ಬಲ ಸೊಂಟದ ಮೇಲೆ ಇಟ್ಟು ನಿಮ್ಮ ಕಡೆಗೆ ಹೊರಳಿಸಿ. ಕೆಳಗೆ ಸಿಕ್ಕಿಕೊಂಡ ಎಡ ಭುಜವನ್ನು ಸ್ವಲ್ಪ ಮುಂದಕ್ಕೆ ಎಳೆದುಬಿಡಿ, ಅದನ್ನು ಮರೆತರೆ ಎರಡು ಗಂಟೆ ಕಾಲ ಇಡೀ ಮೈಭಾರ ಆ ಭುಜದ ಮೇಲಿರುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆ ನಿಲ್ಲಿಸಿ. ನೆಟ್ಟಗೆ 90 ಡಿಗ್ರಿ ನಿಲ್ಲಿಸಿದರೆ ಸೊಂಟದ ಪಕ್ಕದ ಮೂಳೆಯ ಮೇಲೆ ಭಾರ ಬೀಳುತ್ತದೆ. ಮೊಣಕಾಲುಗಳ ನಡುವೆ ಒಂದು ದಿಂಬು, ಮೀನಖಂಡದ ಕೆಳಗೆ ಇನ್ನೊಂದು. ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿ ನಿಲ್ಲಬೇಕು.

ತಿರುಗಿಸಿದ ಮೇಲೆ ಆಚೆ ಕಡೆಯಿಂದ ಬೆನ್ನು ಕಣ್ಣಿಗೆ ಬೀಳುತ್ತದೆ. ಬಾಲಮೂಳೆಯ ಮೇಲೆ ಕೆಂಪಾಗಿದೆಯೇ? ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗ ಬಿಳುಪಾಗಿ, ಬಿಟ್ಟಾಗ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ. ಒತ್ತಿದರೂ ಕೆಂಪು ಹಾಗೇ ಉಳಿದರೆ ಅದು ಬೆಡ್‌ಸೋರ್‌ನ ಮೊದಲ ಹಂತ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದಿಲ್ಲ. ಅಲ್ಲಿ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಆ ಜಾಗವನ್ನು ತಿಕ್ಕಬೇಡಿ, ಎಣ್ಣೆ ಹಚ್ಚಿ ಮಸಾಜ್ ಮಾಡಬೇಡಿ, ಒಳಗಿನ ಗಾಯ ಹೆಚ್ಚುತ್ತದೆ. ನರ್ಸ್‌ಗೆ ತಕ್ಷಣ ತಿಳಿಸಿ, ಆ ಮಗ್ಗುಲಿಗೆ ಮತ್ತೆ ಮಲಗಿಸಬೇಡಿ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಬದಲಿಸಬೇಕು. ಕೆಲವರಿಗೆ ಅದೂ ಸಾಲದು.

ಊಟ ಮಾಡಿಸುವಾಗ ಆದಷ್ಟು ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗಿರಲಿ. ತಲೆ ಹಿಂದಕ್ಕೆ ವಾಲಿದರೆ ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸನಾಳದ ದಾರಿ ಹಿಡಿಯುತ್ತದೆ. ನೀವೂ ಅವರ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ, ನಿಂತು ತಿನ್ನಿಸಿದರೆ ಅವರು ಕತ್ತೆತ್ತಲೇಬೇಕಾಗುತ್ತದೆ. ಚಮಚ ಅರ್ಧ ತುಂಬಿದರೆ ಸಾಕು, ಗಂಟಲಮಣಿ ಮೇಲೇರಿ ಇಳಿಯುವುದನ್ನು ನೋಡಿ ಮುಂದಿನ ತುತ್ತು ಕೊಡಿ. ಪಾರ್ಶ್ವವಾಯು ಆದವರಲ್ಲಿ ಸ್ವಾಧೀನವಿಲ್ಲದ ಕಡೆಯ ಕೆನ್ನೆಯಲ್ಲಿ ತುತ್ತು ಉಳಿದುಬಿಡುತ್ತದೆ, ಊಟವಾದ ಮೇಲೆ ಬಾಯಿ ತೆರೆಸಿ ನೋಡಬೇಕು. ದನಿ ಒದ್ದೆಯಾದಂತೆ, ಗೊರಗೊರ ಎಂದು ಕೇಳಿಸಿದರೆ ನಿಲ್ಲಿಸಿ ನರ್ಸ್‌ಗೆ ಹೇಳಿ. ಊಟವಾದ ಅರ್ಧ ಗಂಟೆ ಮಲಗಿಸಬೇಡಿ. ಹಾಸಿಗೆಯಿಂದ ವೀಲ್‌ಚೇರಿಗೆ ಕೂರಿಸುವಾಗ ಕುರ್ಚಿ ಅವರ ಬಲವಿರುವ ಕಡೆಗೆ, ಬ್ರೇಕ್ ಹಾಕಿ, ಕಾಲಿಡುವ ತಟ್ಟೆ ಎತ್ತಿರಬೇಕು. ನಿಲ್ಲಿಸುವ ಮುಂಚೆ ಅಂಚಿನಲ್ಲಿ ಒಂದೆರಡು ನಿಮಿಷ ಕೂರಿಸಿ, ತಲೆ ಸುತ್ತುತ್ತಿದೆಯೇ ಕೇಳಿ. ಹಾಗಿದ್ದೂ ಬೀಳತೊಡಗಿದರೆ ಎತ್ತಿ ಹಿಡಿಯಲು ಹೋಗಬೇಡಿ, ಇಬ್ಬರೂ ಬೀಳುತ್ತೀರಿ. ಮೈಗೆ ಒತ್ತಿಕೊಂಡು ನಿಮ್ಮ ಕಾಲಿನ ಮೇಲಿಂದ ನಿಧಾನವಾಗಿ ನೆಲಕ್ಕೆ ಜಾರಿಸಿ, ತಲೆ ಕಾಪಾಡಿ, ನರ್ಸ್ ಬಂದು ನೋಡುವವರೆಗೆ ಅಲ್ಲಿಂದ ಅಲುಗಿಸಬೇಡಿ. ಬಟ್ಟೆ ಹಾಕುವಾಗ ಸ್ವಾಧೀನವಿಲ್ಲದ ಕೈ ಮೊದಲು, ಬಿಚ್ಚುವಾಗ ಚೆನ್ನಾಗಿರುವ ಕೈ ಮೊದಲು. ಮೂತ್ರದ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ, ಮಂಚದ ಚೌಕಟ್ಟಿಗೆ ನೇತುಹಾಕಿ. ಪಕ್ಕದ ಕಂಬಿಗೆ ಕಟ್ಟಿದರೆ ಕಂಬಿ ಏರಿಸಿದಾಗ ಚೀಲವೂ ಏರಿ ಮೂತ್ರ ಹಿಂದಕ್ಕೆ ಹರಿಯುತ್ತದೆ.

ಇಷ್ಟನ್ನೂ ಕೈ ಮಾಡುತ್ತಿರುವಾಗ ಕಣ್ಣು ಇನ್ನೊಂದು ಕೆಲಸ ಮಾಡುತ್ತಿರಬೇಕು. ಡಾಕ್ಟರ್ ರೋಗಿಯ ಹತ್ತಿರ ಕೆಲವೇ ನಿಮಿಷ ನಿಲ್ಲುತ್ತಾರೆ, ನರ್ಸ್ ಔಷಧಿ ಮತ್ತು ಚಾರ್ಟುಗಳ ನಡುವೆ ಬಂದುಹೋಗುತ್ತಾರೆ. ಬಟ್ಟೆ ಬಿಚ್ಚಿದ ಮೈಯನ್ನು ಅಡಿಯಿಂದ ಮುಡಿಯವರೆಗೆ ದಿನಾ ನೋಡುವವರು ಅಸಿಸ್ಟೆಂಟ್ ಮಾತ್ರ. ನಿನ್ನೆ ತಾನೇ ಲೋಟ ಹಿಡಿಯುತ್ತಿದ್ದವರು ಇವತ್ತು ಚೆಲ್ಲಿದರು, ಮಕ್ಕಳ ಹೆಸರು ತಪ್ಪಿ ಕರೆದರು, ಬೆಳಿಗ್ಗೆಯಿಂದ ಚೀಲದಲ್ಲಿ ಮೂತ್ರ ಅಷ್ಟೇ ಇದೆ. ಇಂಥದ್ದು ಮೊದಲು ನಿಮಗೇ ಕಾಣುವುದು. ಹೇಳುವ ರೀತಿಯೂ ಕಲಿಯಬೇಕು. "ಅಜ್ಜಿ ಯಾಕೋ ಸರಿಯಿಲ್ಲ" ಎಂದರೆ ಕೆಲಸದ ಒತ್ತಡದಲ್ಲಿರುವ ನರ್ಸ್ "ಆಮೇಲೆ ನೋಡ್ತೀನಿ" ಎನ್ನುತ್ತಾರೆ. "ಆರನೇ ಬೆಡ್, ಬೆಳಿಗ್ಗೆ ಮಾತಾಡುತ್ತಿದ್ದರು, ಈಗ ಕರೆದರೆ ಕಣ್ಣಷ್ಟೇ ತೆರೆಯುತ್ತಾರೆ, ಪಲ್ಸ್ 118, ಉಸಿರು 26, ನಾಲ್ಕು ಗಂಟೆಯಲ್ಲಿ ಮೂತ್ರ 60 ಎಂಎಲ್" ಎಂದರೆ ಅವರು ಎದ್ದು ಬರುತ್ತಾರೆ. ಗಂಟೆಗೆ 30 ಎಂಎಲ್‌ಗಿಂತ ಕಡಿಮೆ ಮೂತ್ರ ಹೋಗುತ್ತಿದ್ದರೆ ಹೇಳಲೇಬೇಕು.

ಬರೆಯುವಾಗಲೂ ಅಷ್ಟೇ, ಕಂಡದ್ದನ್ನು ಬರೆಯಿರಿ. "ಊಟ ಸೇರಲಿಲ್ಲ" ಎಂಬುದಕ್ಕಿಂತ "ತಟ್ಟೆಯಲ್ಲಿ ಕಾಲುಭಾಗ ತಿಂದರು, ನೀರು 150 ಎಂಎಲ್" ಎಂಬುದು ಉಪಯೋಗಕ್ಕೆ ಬರುತ್ತದೆ. ಕೆಲಸ ಮಾಡುವ ಮೊದಲೇ ಟಿಕ್ ಹಾಕಿಡಬೇಡಿ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ, ಸಮಯ ಹಾಕಿ. ಬಿಳಿ ಬಣ್ಣ ಬಳಿದು ಮುಚ್ಚಿದ ಚಾರ್ಟ್ ಏನೋ ಬಚ್ಚಿಟ್ಟಂತೆ ಕಾಣುತ್ತದೆ.

ಪ್ರಾಕ್ಟಿಕಲ್ ನರ್ಸ್ ಆಗುವವರಿಗೆ ಇದರ ಮೇಲೆ ಲೆಕ್ಕ ಸೇರುತ್ತದೆ. 500 ಎಂಎಲ್ ಡ್ರಿಪ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಡ್ರಿಪ್ಪಿನ ನಳಿಕೆಯ ಸೆಟ್ಟಿನ ಪ್ಯಾಕೆಟ್ಟಿನ ಮೇಲೆ ಒಂದು ಎಂಎಲ್‌ಗೆ 20 ಹನಿ ಎಂದಿದೆ. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ 41.7, ಅಂದರೆ ನಿಮಿಷಕ್ಕೆ 42 ಹನಿ. ಅದೇ ಸೆಟ್ಟನ್ನು ಎಂಎಲ್‌ಗೆ 60 ಹನಿಯ ಮೈಕ್ರೋ ಸೆಟ್ ಎಂದು ತಪ್ಪು ತಿಳಿದು 125 ಹನಿ ಬಿಟ್ಟರೆ ನಾಲ್ಕು ಗಂಟೆಯ ನೀರು ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಒಳಗೆ ಹೋಗಿರುತ್ತದೆ. ಹೃದಯ ದುರ್ಬಲವಾಗಿರುವವರಿಗೆ ಶ್ವಾಸಕೋಶದಲ್ಲಿ ನೀರು ತುಂಬಲು ಅಷ್ಟು ಸಾಕು. ಸೂತ್ರ ಎಲ್ಲರಿಗೂ ಬರುತ್ತದೆ, ಪ್ಯಾಕೆಟ್ ತಿರುಗಿಸಿ ಓದುವ ಅಭ್ಯಾಸ ಬರಬೇಕು. ಅರ್ಧ ಮಿಲಿಗ್ರಾಂ ಬರೆಯುವಾಗ ಚುಕ್ಕೆಯ ಹಿಂದೆ ಸೊನ್ನೆ ಇರಲೇಬೇಕು, 0.5 ಎಂದು. ಐದು ಮಿಲಿಗ್ರಾಂ ಬರೆಯುವಾಗ ಚುಕ್ಕೆಯ ಮುಂದೆ ಸೊನ್ನೆ ಹಾಕಲೇಬಾರದು, ಚುಕ್ಕೆ ಮಸುಕಾದರೆ 5.0 ಎಂಬುದು 50 ಆಗುತ್ತದೆ.

ಈಗ ಕೋರ್ಸ್ ಆರಿಸುವ ಮಾತು. ಗಂಟೆಗಳ ಲೆಕ್ಕ ಕೇಳಿದಿರಿ. ಅವು ಯಾವ ಆಸ್ಪತ್ರೆಯಲ್ಲಿ, ಯಾವ ವಾರ್ಡಿನಲ್ಲಿ ಎಂದು ಕೇಳಿ. ಒಬ್ಬ ಶಿಕ್ಷಕರ ಹಿಂದೆ ಎಷ್ಟು ವಿದ್ಯಾರ್ಥಿಗಳು ಹೋಗುತ್ತಾರೆ? ಹತ್ತಾರು ಜನ ಒಂದು ಹಾಸಿಗೆ ಸುತ್ತ ನಿಂತರೆ ಹಿಂದಿನವರಿಗೆ ಬೆನ್ನುಗಳೇ ಕಾಣುವುದು. ಅಭ್ಯಾಸದ ಕೋಣೆಗೆ ಹೋಗಿ ನೋಡಿ. ಮಂಚ ಏರಿಸಿ ಇಳಿಸಲು ಬರುತ್ತದೆಯೇ, ಬಿಪಿ ಕಫ್ ಎರಡು ಮೂರು ಅಳತೆಯಲ್ಲಿದೆಯೇ, ಗೊಂಬೆಯ ಮೈ ಉಪಯೋಗಿಸಿ ಸವೆದಿದೆಯೇ ಅಥವಾ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿಲ್ಲವೇ. ಸವೆದ ಗೊಂಬೆ ಇರುವ ಕಡೆ ಸೇರಿ. ಸೇರಿದ ದಿನವೇ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿ. ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು, ಕೋರ್ಸ್ ಮುಗಿದ ಮೇಲೆ ಶುರು ಮಾಡಿದರೆ ಕೆಲಸಕ್ಕೆ ಸೇರುವಾಗ ತಡೆಯಾಗುತ್ತದೆ. ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ತುರ್ತು ಚಿಕಿತ್ಸೆ) ಪ್ರಮಾಣಪತ್ರವನ್ನೂ ಮಾಡಿಸಿಕೊಳ್ಳಿ, ಸಾಮಾನ್ಯವಾಗಿ ಎರಡು ವರ್ಷ ನಡೆಯುತ್ತದೆ.

ಕೆಲಸ ಹುಡುಕುವಾಗ ಬಯೋಡೇಟಾದಲ್ಲಿ "ಶ್ರಮಜೀವಿ, ಸೇವಾಮನೋಭಾವದವರು" ಎಂದು ಬರೆದರೆ ಯಾರೂ ಓದುವುದಿಲ್ಲ. ಮೆಡಿಕಲ್ ವಾರ್ಡಿನಲ್ಲಿ ಇಷ್ಟು ಗಂಟೆ, ವೃದ್ಧರ ವಿಭಾಗದಲ್ಲಿ ಇಷ್ಟು ಗಂಟೆ, ಎತ್ತುವ ಯಂತ್ರ ಬಳಸಲು ಬರುತ್ತದೆ, ಮೂಗಿನ ನಳಿಕೆ ಇರುವ ರೋಗಿಯನ್ನು ನೋಡಿಕೊಂಡಿದ್ದೇನೆ ಎಂದು ಬರೆಯಿರಿ. ಸಂದರ್ಶನದಲ್ಲಿ ಕೇಳುವುದು ಹೆಚ್ಚಾಗಿ ಸನ್ನಿವೇಶಗಳನ್ನೇ. "ಬಿಪಿ 84/50 ಬಂತು, ಏನು ಮಾಡುತ್ತೀರಿ?" ಯಂತ್ರಕ್ಕಿಂತ ಮೊದಲು ರೋಗಿಯ ಮುಖ ನೋಡುತ್ತೇನೆ, ಬೆವರು, ತಲೆಸುತ್ತು ಇದೆಯೇ ಕೇಳುತ್ತೇನೆ, ಎಬ್ಬಿಸಿ ನಿಲ್ಲಿಸುವುದಿಲ್ಲ, ಬೆಲ್ ಒತ್ತಿ ನರ್ಸ್‌ಗೆ ಅಂಕಿ ಹೇಳುತ್ತೇನೆ, ಅವರು ಬರುವಷ್ಟರಲ್ಲಿ ಇನ್ನೊಮ್ಮೆ ನೋಡುತ್ತೇನೆ. ಇದು ಉತ್ತರ. "ಮನೆಯವರು ಬಂದು ಈ ಮಾತ್ರೆ ಕೊಟ್ಟುಬಿಡಿ ಎಂದರೆ?" ನನಗೆ ಅಧಿಕಾರವಿಲ್ಲ, ಈಗಲೇ ನರ್ಸ್‌ಗೆ ತಿಳಿಸುತ್ತೇನೆ ಎನ್ನಬೇಕು. ಇಲ್ಲಿ ದಾಕ್ಷಿಣ್ಯಕ್ಕೆ ಬಸುರಾದವರಿಗೆ ಕೆಲಸ ಸಿಗುವುದಿಲ್ಲ, ಸಿಕ್ಕರೂ ಉಳಿಯುವುದಿಲ್ಲ.

ನೀವೂ ಕೇಳಿ. ಒಂದು ಶಿಫ್ಟಿನಲ್ಲಿ ಒಬ್ಬ ಅಸಿಸ್ಟೆಂಟಿಗೆ ಎಷ್ಟು ರೋಗಿಗಳು, ರಾತ್ರಿ ಎಷ್ಟು? ಮೊದಲು ಎಷ್ಟು ದಿನ ಯಾರ ಜೊತೆ ಕಲಿಯಲು ಬಿಡುತ್ತೀರಿ? ಎತ್ತುವ ಯಂತ್ರವಿದೆಯೇ? ಈ ಕೆಲಸ ಬಿಟ್ಟುಹೋಗುವವರಲ್ಲಿ ಬೆನ್ನು ಕೆಡಿಸಿಕೊಂಡು ಬಿಡುವವರು ಬಹಳ, ಆದ್ದರಿಂದ ಈ ಪ್ರಶ್ನೆಗೆ ಸಂಕೋಚ ಬೇಡ. ಹೊಸಬರು ಮೊದಲ ವರ್ಷ ಮನೆಗೆ ಹೋಗಿ ಒಬ್ಬರೇ ರೋಗಿ ನೋಡಿಕೊಳ್ಳುವ ಕೆಲಸ ಒಪ್ಪಿಕೊಳ್ಳದಿರುವುದು ಒಳ್ಳೆಯದು. ಸಂಬಳ ಹೆಚ್ಚೆನಿಸಬಹುದು, ಆದರೆ ಸಂಶಯ ಬಂದಾಗ ತಿರುಗಿ ಕೇಳಲು ಪಕ್ಕದಲ್ಲಿ ನರ್ಸ್ ಇರುವುದಿಲ್ಲ. ಏಜೆನ್ಸಿ ಮೂಲಕ ಹೋಗುವುದಾದರೆ ಮೂಲ ಪ್ರಮಾಣಪತ್ರ ಯಾರ ಕೈಗೂ ಕೊಟ್ಟು ಬರಬೇಡಿ, ತೋರಿಸಿ ಪ್ರತಿ ಕೊಡಿ. ಕೆಲಸ ಕೊಡಿಸಲು ಕೆಲಸಗಾರರಿಂದ ಶುಲ್ಕ ವಸೂಲಿ ಮಾಡಬಾರದು ಎಂಬುದೇ, ಕೆಲವು ವಿನಾಯಿತಿ ಬಿಟ್ಟರೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಡಂಬಡಿಕೆಯ ನಿಲುವು. ಕೆಲಸದ ಅವಧಿ, ರಜೆ, ಓವರ್‌ಟೈಮ್, ಬಿಟ್ಟುಹೋದರೆ ಏನು ಎಂಬುದು ಬರಹದಲ್ಲಿರಲಿ.

ಮೊದಲ ದಿನ ಡ್ಯೂಟಿಗೆ ಹದಿನೈದು ನಿಮಿಷ ಮುಂಚೆ ಹೋಗಿ. ಹ್ಯಾಂಡೋವರ್‌ನಲ್ಲಿ, ಅಂದರೆ ಹಿಂದಿನ ಶಿಫ್ಟಿನವರು ರೋಗಿಗಳ ವಿವರ ಒಪ್ಪಿಸುವಾಗ, ಜೇಬಿನ ಪುಸ್ತಕಕ್ಕೆ ಬರೆದುಕೊಳ್ಳಬೇಕಾದವು ನಾಲ್ಕು: ಯಾರಿಗೆ ಬಾಯಿಂದ ಏನೂ ಕೊಡಬಾರದು, ಯಾರು ಬೀಳುವ ಅಪಾಯದಲ್ಲಿದ್ದಾರೆ, ಯಾರ ಯಾವ ತೋಳಿಗೆ ಕಫ್ ಕಟ್ಟಬಾರದು, ಯಾರನ್ನು ಎಷ್ಟು ಗಂಟೆಗೆ ಯಾವ ಮಗ್ಗುಲಿಗೆ ತಿರುಗಿಸಿದ್ದಾರೆ. ತುರ್ತು ಔಷಧಿಯ ಟ್ರಾಲಿ ಎಲ್ಲಿದೆ ಎಂದು ಒಮ್ಮೆ ನಡೆದು ನೋಡಿ. ಆಮೇಲೆ ಕೈ ತೊಳೆದುಕೊಂಡು, ಹೆಬ್ಬೆರಳಿನ ಬುಡವನ್ನೂ ಉಜ್ಜಿ, ಮೊದಲ ಹಾಸಿಗೆಗೆ ಹೋಗಿ ನಿಮ್ಮ ಹೆಸರು ಹೇಳಿ.